ಗೆಳೆಯನಿಗೊಂದು ಪತ್ರ: ರೈಟರ ಜೊತೆ ಒಂದು ಡ್ರಾ

ಸಿದ್ದಾಪುರ, ಕೊಡಗು

ಪ್ರೀತಿಯ ಗೆಳೆಯಾ,

ತೋಟದ ಲೆಕ್ಕ ನೋಡುವ ರೈಟರ ಜೊತೆ ಆಡಿದ ಚೆಸ್ ಡ್ರಾ ಆಯ್ತು ಅಂತ ಫೋನಿನಲ್ಲಿ ಹೇಳಿದಾಗ "ಅಷ್ಟೇನಾ?" ಅಂದೆಯಲ್ಲ, ಅದಕ್ಕೇ ಈ ಪತ್ರ.

ಮೊದಲರ್ಧ ಬಿಡು. ರಾಣಿ, ಆನೆ ಎಲ್ಲ ಬೇಗ ಬೇಗ ಹೊಡೆದಾಡಿ ಹೋದವು. ಬಿಳಿ ಕಾಯಿ ಅವರದು. ಕೊನೆಗೆ ಅವರಿಗೆ ಒಂದು ಒಂಟೆ, ಅವರ ಎಡಗಡೆ ಅಂಚಿನಲ್ಲಿ ಅಕ್ಕಪಕ್ಕ ಎರಡು ಕಾಲಾಳು ಉಳಿದವು. ನನಗೆ ಒಂದೇ ಕುದುರೆ. ರೈಟರು ಆಗಲೇ ಗೆದ್ದವರ ಹಾಗೆ ಎಲೆ ಅಡಿಕೆ ಹಾಕಿಕೊಂಡರು.

ನಾನು ಕುದುರೆ ಕೊಟ್ಟು ಒಳಗಿನ ಕಾಲಾಳನ್ನು ಹೊಡೆದೆ. "ಏನಪ್ಪಾ, ಕುದುರೆ ಸುಮ್ನೆ ಕೊಟ್ಟುಬಿಟ್ಟೆ?" ಅಂದರು. ಸುಮ್ನೆ ಅಲ್ಲ. ಉಳಿದ ಕಾಲಾಳು ತೀರಾ ಅಂಚಿನದು. ಅದು ರಾಣಿಯಾಗಬೇಕಾದ ಮೂಲೆ ಮನೆ ಬಿಳಿ, ಅವರ ಒಂಟೆ ಓಡಾಡುವುದು ಕಪ್ಪು ಮನೆಗಳಲ್ಲಿ ಮಾತ್ರ. ನನ್ನ ರಾಜ ಆ ಮೂಲೆ ಸೇರಿಕೊಂಡರೆ ಮುಗೀತು, ಆ ಒಂಟೆಯಿಂದ ಎಬ್ಬಿಸೋಕೆ ಆಗಲ್ಲ. ಜಾಸ್ತಿ ಒತ್ತಿದರೆ ನನಗೆ ಚೆಕ್ಕೂ ಇಲ್ಲ, ನಡೆಯೋಕೆ ಮನೆಯೂ ಇಲ್ಲ. ಸ್ಟೇಲ್‌ಮೇಟ್. ಅದೂ ಡ್ರಾನೇ.

ರೈಟರು ಒಪ್ಪಬೇಕಲ್ಲ! ಒಂಟೆಯನ್ನು ಆ ಕಡೆ ಈ ಕಡೆ ಓಡಿಸಿದರು. ನಾನು ಮೂಲೆಯಿಂದ ಪಕ್ಕದ ಮನೆಗೆ, ಮತ್ತೆ ಮೂಲೆಗೆ. ಕಾಲಾಳು ಕದಲದೆ, ಯಾವ ಕಾಯಿಯೂ ಹೋಗದೆ ಇಬ್ಬರೂ 50 ನಡೆ ಆಡಿದರೆ ಡ್ರಾ ಕೇಳಬಹುದು ಅಂತ ನಿಯಮ ಹೇಳಿದೆ. "ಎಣಿಸೋಣ" ಅಂದರು. ದಿನಾ ಆಳುಗಳ ಹಾಜರಿ ಬರೆಯುವ ಮನುಷ್ಯ, ಲೆಕ್ಕ ಬಿಡ್ತಾರಾ? ಹಳೇ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಗೀಟು, ಐದನೆಯದು ಅಡ್ಡ. ಹಾಗೇ ಪುಟ ತುಂಬಿತು.

ನಮ್ಮ ಕಡೆ ಡ್ರಾ ಅಂದ್ರೆ ಸಪ್ಪೆ, ಗೊತ್ತಲ್ವಾ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ನೋಡಿಕೊಂಡೇ ಬೆಳೆದವರು ನಾವು. ಅಲ್ಲಿ ಒಬ್ಬರು ಗೆಲ್ಲಲೇಬೇಕು. ಆದರೆ ಚೆಸ್‌ನಲ್ಲಿ ಸೋಲುವ ಆಟವನ್ನು ಹಿಡಿದು ನಿಲ್ಲಿಸುವುದಕ್ಕೂ ಅರ್ಧ ಪಾಯಿಂಟ್ ಇದೆ. ಅದು ಪುಕ್ಕಟೆ ಸಿಗಲ್ಲ. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದಲ್ಲಿ ನಡೆದ ವಿಶ್ವ ಚೆಸ್ ಪಟ್ಟದ ಪಂದ್ಯದಲ್ಲಿ ಗುಕೇಶ್ ಎದುರು ಕೊನೆಯ 14ನೇ ಆಟ ಡ್ರಾ ಕಡೆಗೇ ಹೊರಟಿತ್ತು. ಆಗಿನ ವಿಶ್ವ ಚಾಂಪಿಯನ್ ಡಿಂಗ್ ಲಿರೆನ್ ಆನೆಯನ್ನು ಒಂದು ತಪ್ಪು ಮನೆಗೆ ಇಟ್ಟರು, ವಿಶ್ವ ಪಟ್ಟವೇ ಹೋಯ್ತು. ಅಂಥವರೇ ಜಾರುತ್ತಾರೆ ಅಂದಮೇಲೆ ನನ್ನ ಅರ್ಧ ಪಾಯಿಂಟನ್ನು ನೀನು ಹಗುರ ಮಾಡಬೇಡ.

ಮಡಿಕೇರಿ ದಸರೆಗೆ ಬರ್ತೀಯಲ್ಲ, ಅದೇ ಆಟ ಜೋಡಿಸಿಡ್ತೀನಿ. ಬಿಳಿ ನಿನಗೆ. ಗೆಲ್ಲೋ ದಾರಿ ಇದ್ದೇ ಇದೆ ಅಂತ ರೈಟರು ಇನ್ನೂ ವಾದ ಮಾಡ್ತಿದ್ದಾರೆ. ನೀವಿಬ್ಬರೂ ಒಂದೇ ಕಡೆ ಕೂತು ಹುಡುಕಿ.

ನಿನ್ನ ಗೆಳೆಯ