ರೂಪಾಯಿಯಾಗಿ ಹೋದ ಬೆಳ್ಳಿ ಡಾಲರುಗಳು

ಅಮೆರಿಕದಲ್ಲಿರುವ ನಮ್ಮಲ್ಲಿ ಹೆಚ್ಚಿನವರಿಗೆ ಡಾಲರ್ ಎಂದರೆ ನೋಟು. ಆದರೆ 1792ರ ನಾಣ್ಯ ಕಾಯಿದೆ ಈ ದೇಶದ ಹಣಕ್ಕೆ ಬುನಾದಿಯಾಗಿ ಇಟ್ಟದ್ದು ಬೆಳ್ಳಿಯ ಡಾಲರನ್ನು. ಆಗ ಇಲ್ಲಿ ಎಲ್ಲೆಡೆ ಚಲಾವಣೆಯಲ್ಲಿದ್ದ ಸ್ಪೇನಿನ ಬೆಳ್ಳಿ ನಾಣ್ಯವೇ ಅದಕ್ಕೆ ಮಾದರಿ. ಮೊದಲ ಡಾಲರುಗಳು 1794ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಚ್ಚಾದವು.

ಈ ನಾಣ್ಯದ ಚರಿತ್ರೆಯಲ್ಲಿ ನಾವು ಮುಖ್ಯವಾಗಿ ತಿಳಿಯಬೇಕಾದ ಅಧ್ಯಾಯ 1878ರಲ್ಲಿ ಆರಂಭವಾಗುತ್ತದೆ. ಪ್ರತಿ ತಿಂಗಳೂ ಕನಿಷ್ಠ ಇಪ್ಪತ್ತು ಲಕ್ಷ ಡಾಲರುಗಳ ಬೆಳ್ಳಿಯನ್ನು ಕೊಂಡು ನಾಣ್ಯವಾಗಿಸಬೇಕೆಂದು ಅಂದಿನ ಕಾನೂನು ಸರ್ಕಾರವನ್ನು ಕಟ್ಟಿಹಾಕಿತು. ನೆವಾಡಾ ಮೊದಲಾದೆಡೆಯ ಗಣಿಗಳ ಬೆಳ್ಳಿಗೆ ಗಿರಾಕಿ ಸಿಕ್ಕಿತು. ಆದರೆ ಇಪ್ಪತ್ತೇಳು ಗ್ರಾಂ ಸಮೀಪ ತೂಗುವ ಆ ‘ಮಾರ್ಗನ್ ಡಾಲರ್’ಗಳನ್ನು ಹೊತ್ತು ತಿರುಗುವ ಬದಲು ಅವುಗಳ ಪರವಾಗಿ ಕೊಡುತ್ತಿದ್ದ ಕಾಗದದ ಪ್ರಮಾಣಪತ್ರಗಳನ್ನೇ ಜನ ಬಳಸಿದ್ದರಿಂದ, ನಾಣ್ಯಗಳು ಮೂಟೆ ಮೂಟೆಯಾಗಿ ಖಜಾನೆಯಲ್ಲೇ ಉಳಿದವು.

ಅವುಗಳಿಗೆ ಕೆಲಸ ಒದಗಿದ್ದು ಭಾರತದಲ್ಲಿ. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟನ್ ಭಾರತದಿಂದ ಅಪಾರ ಸಾಮಗ್ರಿ ಕೊಳ್ಳುತ್ತಿತ್ತು, ಅದಕ್ಕೆಲ್ಲ ರೂಪಾಯಿಯಲ್ಲಿ ಹಣ ಸಲ್ಲಬೇಕಿತ್ತು. ಜನರೋ ಬೆಳ್ಳಿ ರೂಪಾಯಿಗಳನ್ನು ಮನೆಯಲ್ಲಿ ಕೂಡಿಡುತ್ತ, ಕೈಗೆ ಬಂದ ನೋಟನ್ನು ಕೊಟ್ಟು ಬೆಳ್ಳಿ ಕೇಳತೊಡಗಿದರು. ಸರ್ಕಾರದ ಬಳಿಯಿದ್ದ ಬೆಳ್ಳಿ ಬರಿದಾಗುವ ಹಂತ ತಲುಪಿದಾಗ ಬ್ರಿಟನ್ ಅಮೆರಿಕದ ಮೊರೆಹೊಕ್ಕಿತು. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯಿದೆ 1918ರ ಏಪ್ರಿಲ್ 23ರಂದು ಜಾರಿಯಾಯಿತು. ಅದರಡಿ ಸುಮಾರು 27 ಕೋಟಿ ಡಾಲರ್ ನಾಣ್ಯಗಳು ಕರಗಿದವು. ಅವುಗಳಲ್ಲಿ ಹತ್ತಿರ ಹತ್ತಿರ 26 ಕೋಟಿಯ ಬೆಳ್ಳಿ ಭಾರತಕ್ಕಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಒಂದು ಡಾಲರಿನ ಬೆಳ್ಳಿಯಿಂದ ಎರಡೂಕಾಲು ರೂಪಾಯಿ ಅಚ್ಚುಹಾಕಬಹುದಿತ್ತು.

ಮೈಸೂರು ಸಂಸ್ಥಾನದಲ್ಲೂ ಆಗ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದ ರೂಪಾಯಿಯೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗಳನ್ನು ಒಮ್ಮೆ ತಿರುಗಿಸಿ ನೋಡಿ: ಹೂಬಳ್ಳಿಯ ಅಂಚಿನೊಳಗೆ 1918, 1919 ಎಂಬ ಇಸವಿ ಕಂಡರೆ, ಅದರಲ್ಲಿ ಅಮೆರಿಕದ ಡಾಲರಿನ ಬೆಳ್ಳಿ ಬೆರೆತಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಮ್ಮ ವಲಸೆಗೆ ಎಷ್ಟೋ ಮೊದಲೇ ಎದುರು ದಿಕ್ಕಿನಲ್ಲಿ ನಡೆದ ಈ ಪಯಣವನ್ನು ಇಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಹೇಳಲೇಬೇಕೆಂಬುದು ನನ್ನ ಆಸೆ.

ಕರಗಿಸಿದಷ್ಟನ್ನು ಮತ್ತೆ ಅಚ್ಚುಹಾಕಬೇಕೆಂದೂ ಅದೇ ಕಾಯಿದೆ ವಿಧಿಸಿದ್ದರಿಂದ 1921ರಲ್ಲಿ ಮಾರ್ಗನ್ ಡಾಲರ್ ಮರಳಿತು, ವರ್ಷಾಂತ್ಯಕ್ಕೆ ಶಾಂತಿಯ ನೆನಪಿನ ‘ಪೀಸ್ ಡಾಲರ್’ ಬಂತು. ಬೆಳ್ಳಿಯ ಕಾಲ ಮುಗಿದ ಬಳಿಕ, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಟನಿಯ ಚಿತ್ರವಿದ್ದ 1979ರ ಡಾಲರ್ ಗಾತ್ರದಲ್ಲೂ ಬಣ್ಣದಲ್ಲೂ ಕ್ವಾರ್ಟರನ್ನು, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯವನ್ನು, ಹೋಲಿ ಗೊಂದಲಕ್ಕೀಡಾಯಿತು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡ, ಅಮೆರಿಕದ ಮೂಲನಿವಾಸಿ ಮಹಿಳೆ ಸಕಾಜವಿಯಾಳ ಹೊಂಬಣ್ಣದ ನಾಣ್ಯ 2000ದಲ್ಲಿ ಬಂದರೂ ಬಳಕೆ ಬೆಳೆಯಲಿಲ್ಲ. ಬೇಡಿಕೆಯಿಲ್ಲದೆ ರಾಶಿಬಿದ್ದ ಡಾಲರ್ ನಾಣ್ಯಗಳನ್ನು ಕಂಡು, ಚಲಾವಣೆಗಾಗಿ ಅಚ್ಚುಹಾಕುವುದನ್ನು 2011ರ ಕೊನೆಯಲ್ಲಿ ಸರ್ಕಾರ ನಿಲ್ಲಿಸಿತು.

ನಾಣ್ಯವನ್ನು ದೂರುವುದು ನ್ಯಾಯವಲ್ಲ. ಕೆನಡಾ 1987ರಲ್ಲಿ ಡಾಲರ್ ನಾಣ್ಯ ತಂದು, ಎರಡೇ ವರ್ಷದಲ್ಲಿ ನೋಟಿನ ವಿತರಣೆಯನ್ನು ನಿಲ್ಲಿಸಿತು. ಅಲ್ಲಿ ಆ ನಾಣ್ಯ ದಿನಬಳಕೆಯ ವಸ್ತುವಾಗಿದೆ. ಅಮೆರಿಕ ಎರಡನ್ನೂ ಉಳಿಸಿಕೊಂಡಿತು. ಹಗುರವಾದ ನೋಟು ಕೈಯಲ್ಲಿರುವಾಗ ಜನ ನಾಣ್ಯವನ್ನು ಕೇಳಿ ಪಡೆಯುವುದಿಲ್ಲ.