ಮಕ್ಕಳ ಪುಟದಲ್ಲಿ ನಾಲ್ಕು ಮಾರ್ಗ ಕೂಡುವ ಊರೊಂದಿರಲಿ

ಮಾನ್ಯ ಸಂಪಾದಕರೇ,

ಬೇಸಗೆ ರಜೆ ಸಮೀಪಿಸುತ್ತಿರುವುದರಿಂದ ತಮ್ಮ ಪತ್ರಿಕೆಯ ಮಕ್ಕಳ ಪುಟದ ಬಗ್ಗೆ ಒಂದು ವಿನಂತಿ: ಕನ್ನಡದಲ್ಲೇ ಆಡುವ ಕಥೆಯಾಟವೊಂದಕ್ಕೆ ಅದರಲ್ಲಿ ಸ್ವಲ್ಪ ಜಾಗ ಕೊಡಿ. ನಾಲ್ಕೈದು ಮಂದಿ ಒಟ್ಟಿಗೆ ಕುಳಿತು, ಒಬ್ಬರು ಕಥೆ ನಡೆಸುತ್ತ, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತ, ಕೈಹಾಕಿದ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತಿಳಿಯುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಈಗ ಅದು ನಮ್ಮ ಗಡಿನಾಡಿನ ಮಕ್ಕಳಿಗೂ ಪರಿಚಯವಾಗಿದೆ. ಆದರೆ ಅವರು ಆಡುವ ಕಥೆ ನಡೆಯುವುದು ತಾವೆಂದೂ ಕಾಣದ ಹಿಮದ ಊರುಗಳಲ್ಲಿ, ಆಡುವುದು ಇಂಗ್ಲಿಷಿನಲ್ಲಿ. ಕಳೆದ ವರ್ಷ ಇಲ್ಲಿನ ರಜಾಶಿಬಿರವೊಂದರಲ್ಲಿ ಆಟ ಆಡಿಸುವವರು, ನಿಯಮಗಳೆಲ್ಲ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಆಡಿಸಲು ಬರುವುದಿಲ್ಲ ಎಂದು ಹೇಳಿದ್ದನ್ನು ಕೇಳಿ ನನಗೆ ತುಂಬ ನೋವಾಯಿತು.

ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಈ ಮಾತು ಬರಬಾರದಿತ್ತು. ವೇಷ ಕಟ್ಟದೆ, ಕುಳಿತಲ್ಲೇ ಪಾತ್ರವಾಗಿ, ಎದುರಿನವರ ಮಾತಿಗೆ ಆ ಕ್ಷಣದಲ್ಲಿ ಹೊಳೆದ ಮಾತಿನಿಂದ ಉತ್ತರಿಸುವ ತಾಳಮದ್ದಳೆಯನ್ನು ಕೇಳಿ ಬೆಳೆದವರು ನಾವು. ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿರುತ್ತದೆ, ಈ ಆಟದಲ್ಲಿ ಯಾರಿಗೂ ಗೊತ್ತಿರುವುದಿಲ್ಲ ಎಂಬುದೇ ನನಗೆ ಕಂಡ ದೊಡ್ಡ ವ್ಯತ್ಯಾಸ.

ಆಟದ ಕಥೆ ನಡೆಯಲು ಬೇಕಾದ ಊರು ಸಹ ನಮ್ಮ ಕಣ್ಣೆದುರಿಗೇ ಇದೆ. ಆಟವನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಹೊರತಂದ ಸಾಹಸಕಥೆಯೊಂದು ದಾರಿಗಳು ಕೂಡುವ ಸಣ್ಣ ಹಳ್ಳಿಯಲ್ಲೇ ನಡೆಯುತ್ತದೆ. ಅದಕ್ಕೆ ಕಾರಣವಿದೆ. ಊರು ಸಣ್ಣದಾದರೆ ಪ್ರತಿ ಮನೆಯವರ ಸುಖದುಃಖವನ್ನು ಮಕ್ಕಳು ನೆನಪಿಟ್ಟುಕೊಳ್ಳಬಲ್ಲರು. ಮಾರ್ಗ ನಾಲ್ಕಿದ್ದರೆ ಹೊಸಬರು, ಸರಕು, ಸುದ್ದಿ, ಅಪಾಯಗಳು ಯಾವ ದಿಕ್ಕಿನಿಂದಲೂ ಬರಬಹುದು. ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ಮಾರ್ಗವೂ ಚೆರ್ಕಳದಿಂದ ಪೆರ್ಲದ ಕಡೆಗೆ ಹೋಗುವ ಮಾರ್ಗವೂ ಸೇರುವ ನಮ್ಮ ಬದಿಯಡ್ಕದಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟು ಭಾಷೆಗಳ ಕೂಡುದಾರಿಯನ್ನು ಯಾವ ಕಲ್ಪನೆಯ ಲೋಕದಿಂದಲೂ ಎರವಲು ತರಬೇಕಾಗಿಲ್ಲ.

ಕಳೆದ ರಜೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಐದು ಮಕ್ಕಳನ್ನು ಕೂರಿಸಿ ಇಂಥ ಒಂದು ಊರನ್ನು ಕಟ್ಟಿದೆ. ಅಶ್ವತ್ಥಕಟ್ಟೆ, ಸುಂಕದ ಕಟ್ಟೆ, ಕಮ್ಮಾರನ ಕೊಟ್ಟಿಗೆ, ಎತ್ತಿನ ಗಾಡಿಗಳು ತಂಗುವ ಛತ್ರ, ಅಡಿಕೆ ತೋಟದಾಚೆ ಗುಡ್ಡದಲ್ಲಿ ಮುರಕಲ್ಲು ಕೊರೆದು ತೋಡಿದ ನೀರಿನ ಸುರಂಗ, ಇಷ್ಟೇ ಊರು. ಈ ಆಟಕ್ಕೆ ಬೇಕಾದ ಇಪ್ಪತ್ತು ಮುಖದ ದಾಳ ಸಿಗಲಿಲ್ಲವಾದ್ದರಿಂದ 1ರಿಂದ 20ರವರೆಗೆ ಅಂಕಿ ಬರೆದ ಚೀಟಿಗಳನ್ನು ಮಡಚಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದೆವು. ಸುರಂಗದ ನೀರು ಇದ್ದಕ್ಕಿದ್ದಂತೆ ನಿಂತುಹೋಯಿತೆಂದು ನಾನು ಹೇಳಿದಾಗ ಕತ್ತಿ ಹಿರಿದು ಒಳನುಗ್ಗಲು ಹೊರಟವರನ್ನು ಆರನೇ ತರಗತಿಯ ಹುಡುಗಿಯೊಬ್ಬಳು ತಡೆದು, "ಮೊದಲು ದೀಪ ಹೊತ್ತಿಸಿ, ದೀಪ ನಂದಿದರೆ ಅಲ್ಲಿ ಗಾಳಿ ಇಲ್ಲ ಅಂತ ಅಜ್ಜ ಹೇಳಿದ್ದಾರೆ" ಎಂದಳು. ಸುರಂಗ ತೋಡುವವರ ಈ ತಿಳಿವಳಿಕೆ ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ; ಆ ಉಪಾಯ ಕೈಗೂಡಿತೆಂದೇ ಎಣಿಸಿ ನಾನು ಅವಳಿಂದ ಚೀಟಿ ಎತ್ತಿಸಲೇ ಇಲ್ಲ.

ಒಂದು ಎಚ್ಚರ ಅಗತ್ಯ. ನಾವು ನಂಬಿ ಆರಾಧಿಸುವ ದೈವಗಳನ್ನು ಈ ಆಟದ ಶತ್ರುಗಳನ್ನಾಗಿ ಮಾಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕಥೆಗೆ ಬೇಕಾದ ಯಕ್ಷ, ರಾಕ್ಷಸರನ್ನು ಮಕ್ಕಳೇ ಹೊಸದಾಗಿ ಕಲ್ಪಿಸಿಕೊಳ್ಳಲಿ.

ಆದ್ದರಿಂದ ಏಪ್ರಿಲ್, ಮೇ ತಿಂಗಳ ಮಕ್ಕಳ ಪುಟದಲ್ಲಿ ವಾರಕ್ಕೆ ಕಾಲು ಪುಟದಷ್ಟು ಜಾಗವನ್ನು ಇದಕ್ಕೆ ಮೀಸಲಿಡಬೇಕೆಂದು ಕೋರುತ್ತೇನೆ. ಮೊದಲ ವಾರ ಊರಿನ ನಕ್ಷೆ ಮತ್ತು ಸರಳ ಕನ್ನಡದಲ್ಲಿ ಹತ್ತು ನಿಯಮಗಳು, ಮುಂದಿನ ವಾರಗಳಲ್ಲಿ ಊರಿಗೆ ಒದಗಿದ ಒಂದೊಂದು ಸಂಕಟ ಪ್ರಕಟವಾದರೆ ಸಾಕು. ಅದನ್ನು ಪರಿಹರಿಸಿದ ಬಗೆಯನ್ನು ಮಕ್ಕಳೇ ಬರೆದು ಕಳುಹಿಸುತ್ತಾರೆ. ನಾವು ಕೈಯಲ್ಲಿ ಬರೆದ ನಕ್ಷೆಯ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

– ನಿವೃತ್ತ ಕನ್ನಡ ಅಧ್ಯಾಪಕಿ, ಬದಿಯಡ್ಕ, ಕಾಸರಗೋಡು ಜಿಲ್ಲೆ