ನಮ್ಮೂರಿನ ಪುಸ್ತಕ ನಮ್ಮೂರಿನ ಲೈಬ್ರರಿಗೆ ಬರಲಿ: ನಾಟಿಂಗ್‌ಹ್ಯಾಮ್ ಕೌನ್ಸಿಲಿಗೆ ಒಂದು ಬಹಿರಂಗ ಪತ್ರ

ನಾಟಿಂಗ್‌ಹ್ಯಾಮ್ ನಗರ ಕೌನ್ಸಿಲಿನಲ್ಲಿ ಲೈಬ್ರರಿಗಳ ಹೊಣೆ ಹೊತ್ತಿರುವ ಕೌನ್ಸಿಲರ್ ಅವರಿಗೆ,

ಮಾನ್ಯರೇ, ನಮಸ್ಕಾರ.

ಕರ್ನಾಟಕದಿಂದ ಬಂದು ಈ ನಗರದ ಸ್ನೆಂಟನ್ ಬಡಾವಣೆಯಲ್ಲಿ ನೆಲೆಸಿರುವ ನಿಮ್ಮ ಮತದಾರರಲ್ಲಿ ನಾನೂ ಒಬ್ಬಳು. ಇದೇ ಪತ್ರವನ್ನು ಇಂಗ್ಲಿಷಿನಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ಈ ದೇಶದಲ್ಲಿರುವ ನಮ್ಮ ಜನ ಓದಲಿ, ಅವರೂ ತಮ್ಮ ತಮ್ಮ ಊರಿನ ಕೌನ್ಸಿಲನ್ನು ಕೇಳಲಿ ಅಂತ.

ನಾನು ಕೇಳುತ್ತಿರುವುದು ಇಷ್ಟೇ. ನಮ್ಮ ಊರಿನ, ನಮ್ಮ ಕೌಂಟಿಯ ಸಣ್ಣ ಪ್ರಕಾಶಕರು ಸ್ಥಳೀಯ ಇತಿಹಾಸದ ಪುಸ್ತಕ ತರುತ್ತಾರೆ, ಕವಿತೆಯ ಪುಸ್ತಕ ತರುತ್ತಾರೆ. ಅವನ್ನು ನಗರದ ಲೈಬ್ರರಿಗಳು ತಪ್ಪದೆ ಕೊಳ್ಳಬೇಕು. ನೇರವಾಗಿ ಪ್ರಕಾಶಕರಿಂದಲೇ ಕೊಳ್ಳಬೇಕು. ಮುದ್ರಿತ ಬೆಲೆಯನ್ನು ಪೂರ್ತಿ ಕೊಟ್ಟು ಕೊಳ್ಳಬೇಕು.

ದುಡ್ಡೆಲ್ಲಿದೆ ಅಂತ ನೀವು ಕೇಳುತ್ತೀರಿ. ಗೊತ್ತಿದೆ. 2023ರ ನವೆಂಬರ್ ಕೊನೆಯಲ್ಲಿ ಕ್ಯಾರಿಂಗ್ಟನ್ ಸ್ಟ್ರೀಟ್‌ನಲ್ಲಿ ಹೊಸ ಸೆಂಟ್ರಲ್ ಲೈಬ್ರರಿ ಬಾಗಿಲು ತೆರೆಯಿತು. ಅದೇ ವಾರದಲ್ಲಿ ಕೌನ್ಸಿಲ್ ಸೆಕ್ಷನ್ 114 ನೋಟಿಸ್ ಹೊರಡಿಸಿ, ಬಜೆಟ್ ಸರಿದೂಗಿಸಲು ಆಗುವುದಿಲ್ಲ ಅಂತ ಒಪ್ಪಿಕೊಂಡಿತು. ಮುಂದಿನ ವರ್ಷ ಕೌನ್ಸಿಲಿನ ಮೇಲೆ ಕಣ್ಣಿಡಲು ಸರ್ಕಾರದ ಕಮಿಷನರ್‌ಗಳೂ ಬಂದರು. ಈ ದೇಶದ ಲೈಬ್ರರಿಗಳಿಗೆ ಇದು ಹೊಸದಲ್ಲ. 1850ರಲ್ಲಿ ಮೊದಲ ಸಾರ್ವಜನಿಕ ಲೈಬ್ರರಿ ಕಾಯ್ದೆ ಬಂದಾಗ ತೆರಿಗೆ ದುಡ್ಡಿನಲ್ಲಿ ಕಟ್ಟಡ ಕಟ್ಟಬಹುದಿತ್ತು, ದೀಪ ಹಚ್ಚಬಹುದಿತ್ತು, ಲೈಬ್ರೇರಿಯನ್‌ಗೆ ಸಂಬಳ ಕೊಡಬಹುದಿತ್ತು. ಪುಸ್ತಕ ಕೊಳ್ಳುವ ಹಾಗಿರಲಿಲ್ಲ! ಪುಸ್ತಕಗಳನ್ನು ಯಾರಾದರೂ ದಾನ ಕೊಡುತ್ತಾರೆ ಅಂದುಕೊಂಡಿದ್ದರು. ಅದನ್ನು ತಿದ್ದಲು 1855ರ ಕಾಯ್ದೆ ಬರಬೇಕಾಯಿತು. ಈಗಲೂ ನನಗಿರುವ ಚಿಂತೆ ಅದೇ. ನಮಗೆ ಚೆಂದದ ಕಟ್ಟಡ ಇದೆ. ಅದರೊಳಗೆ ಯಾವ ಪುಸ್ತಕ ಬರುತ್ತವೆ?

ನಮ್ಮ ಮನೆಯಿಂದ ಬೆಟ್ಟದ ಕಡೆ ನೋಡಿದರೆ ಗಾಳಿಗಿರಣಿ ಕಾಣುತ್ತದೆ. ಅದು ಕೌನ್ಸಿಲಿನದೇ ಆಸ್ತಿ. ಅದರ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಣ್ಣ ಊರಿನ ಸಣ್ಣ ಪ್ರೆಸ್ ಏನು ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಜಾರ್ಜ್ ಗ್ರೀನ್ ಬೇಕರಿಯವನ ಮಗ. ಹುಟ್ಟಿದ್ದು 1793ರಲ್ಲಿ. ಶಾಲೆಗೆ ಹೋಗಿದ್ದು ಹೆಚ್ಚೆಂದರೆ ಒಂದು ವರ್ಷವಿರಬಹುದು. ಅಪ್ಪ ಸ್ನೆಂಟನ್‌ನಲ್ಲಿ ಗಾಳಿಗಿರಣಿ ಕಟ್ಟಿಸಿದ, ಮಗ ಅದರಲ್ಲಿ ಹಿಟ್ಟು ಬೀಸಿದ. 1823ರಲ್ಲಿ ಗ್ರೀನ್ ಬ್ರಾಮ್ಲಿ ಹೌಸ್‌ನಲ್ಲಿದ್ದ ಚಂದಾದಾರರ ಲೈಬ್ರರಿಗೆ ಸೇರಿಕೊಂಡರು. ಆ ಲೈಬ್ರರಿ ಇವತ್ತಿಗೂ ಏಂಜಲ್ ರೋನಲ್ಲಿ ನಡೆಯುತ್ತಿದೆ. ಐದು ವರ್ಷದ ನಂತರ, 1828ರಲ್ಲಿ, ಅವರ ಗಣಿತದ ಪ್ರಬಂಧವೊಂದು ಪುಸ್ತಕವಾಗಿ ಬಂತು. ವಿದ್ಯುತ್ತು ಮತ್ತು ಅಯಸ್ಕಾಂತದ ವಿಷಯದಲ್ಲಿ ಗಣಿತವನ್ನು ಹೇಗೆ ಬಳಸಬಹುದು ಅನ್ನುವ ಪ್ರಬಂಧ. ಪ್ರಿಂಟ್ ಆಗಿದ್ದು ಲಂಡನ್ನಿನಲ್ಲಲ್ಲ, ಕೇಂಬ್ರಿಜ್‌ನಲ್ಲಲ್ಲ, ಇಲ್ಲೇ ನಾಟಿಂಗ್‌ಹ್ಯಾಮ್‌ನಲ್ಲಿ. ಮುಂಗಡವಾಗಿ ಹೆಸರು ಕೊಟ್ಟ ಚಂದಾದಾರರು 51 ಜನ. ಬೆಲೆ ಏಳೂವರೆ ಶಿಲ್ಲಿಂಗ್. ಆ ಕಾಲಕ್ಕೆ ಅದು ಸಣ್ಣ ಮೊತ್ತ ಅಲ್ಲ.

ಆ ಚಂದಾದಾರರಲ್ಲಿ ಎಷ್ಟು ಜನಕ್ಕೆ ಆ ಗಣಿತ ಅರ್ಥವಾಗಿತ್ತು? ಬೆರಳೆಣಿಕೆಯಷ್ಟು ಜನಕ್ಕೂ ಆಗಿರಲಿಕ್ಕಿಲ್ಲ. ತಮ್ಮೂರಿನವನೊಬ್ಬ ಬರೆದಿದ್ದಾನೆ, ಪ್ರಿಂಟ್ ಆಗಬೇಕು ಅಂತ ದುಡ್ಡು ಕೊಟ್ಟರು. ಗ್ರೀನ್ 1841ರಲ್ಲಿ ತೀರಿಕೊಂಡಾಗ ಹೊರಗಿನ ಜಗತ್ತಿಗೆ ಅವರ ಹೆಸರೇ ಹೆಚ್ಚುಕಡಿಮೆ ಗೊತ್ತಿರಲಿಲ್ಲ. 1845ರಲ್ಲಿ ಆ ಪುಸ್ತಕದ ಪ್ರತಿ ವಿಲಿಯಂ ಥಾಮ್ಸನ್ ಅನ್ನುವ ಹುಡುಗನ ಕೈಗೆ ಸಿಕ್ಕಿತು. ಮುಂದೆ ಲಾರ್ಡ್ ಕೆಲ್ವಿನ್ ಆದವರು ಇವರೇ. ಅವರು ಅದನ್ನು ಯುರೋಪಿನ ವಿದ್ವಾಂಸರಿಗೆ ತೋರಿಸಿದರು, ಜರ್ಮನಿಯ ಪತ್ರಿಕೆಯೊಂದರಲ್ಲಿ ಮತ್ತೆ ಪ್ರಿಂಟ್ ಮಾಡಿಸಿದರು. ಇವತ್ತು ಮೈಸೂರಿನಲ್ಲೋ ಧಾರವಾಡದಲ್ಲೋ ಎಂ.ಎಸ್ಸಿ. ಫಿಸಿಕ್ಸ್ ಓದುವ ಹುಡುಗಿ ಆ ಪುಸ್ತಕದಿಂದ ಬಂದ ಗ್ರೀನ್ಸ್ ಫಂಕ್ಷನ್ ಅನ್ನುವ ಗಣಿತ ಕಲಿಯದೆ ಪಾಸಾಗುವ ಹಾಗಿಲ್ಲ. ಊರಿನ 51 ಜನ ಪುಸ್ತಕ ಕೊಳ್ಳದೇ ಹೋಗಿದ್ದರೆ ಕೆಲ್ವಿನ್ ಕೈಗೆ ಸಿಗಲು ಪ್ರತಿಯೇ ಇರುತ್ತಿರಲಿಲ್ಲ, ಅಲ್ವಾ?

ಕವಿತೆಯದೂ ಅದೇ ಕಥೆ. ಬೈರನ್ ಹದಿಹರೆಯದಲ್ಲಿ ತಾಯಿಯ ಜೊತೆ ಸೌತ್‌ವೆಲ್‌ನಲ್ಲಿದ್ದಾಗ ಬರೆದ ಮೊದಲ ಕವಿತೆಗಳು 1806ರಲ್ಲಿ ಪ್ರಿಂಟ್ ಆಗಿದ್ದು ಇದೇ ಕೌಂಟಿಯ ನ್ಯೂಅರ್ಕ್‌ನ ರಿಜ್ ಅನ್ನುವ ಪ್ರಿಂಟರ್ ಹತ್ತಿರ. ಅವರು ದೊಡ್ಡ ಕವಿಯಾಗುತ್ತಾರೆ ಅಂತ ಆ ಪ್ರಿಂಟರ್‌ಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

ಈಗ ಆ ಕೆಲಸ ಯಾರು ಮಾಡುತ್ತಿದ್ದಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಲಾಂಗ್ ರೋ ಪಕ್ಕದ ಓಣಿಯೊಳಗೆ ಫೈವ್ ಲೀವ್ಸ್ ಇದೆ. ರಾಸ್ ಬ್ರಾಡ್‌ಷಾ 1990ರ ದಶಕದ ನಡುವಿನಲ್ಲಿ ಪ್ರಕಾಶನ ಶುರು ಮಾಡಿದರು, 2013ರಲ್ಲಿ ಅದೇ ಹೆಸರಿನ ಅಂಗಡಿ ತೆರೆದರು. ಅಲ್ಲಿಂದ ಕವಿತೆಯೂ ಬಂದಿದೆ, ನಮ್ಮ ಕೌಂಟಿಯ ಇತಿಹಾಸವೂ ಬಂದಿದೆ. ಬೀಸ್ಟನ್‌ನಲ್ಲಿ ಜಾನ್ ಲೂಕಸ್ 1994ರಲ್ಲಿ ಶುರು ಮಾಡಿದ ಶೂಸ್ಟ್ರಿಂಗ್ ಪ್ರೆಸ್ ಹೆಚ್ಚಾಗಿ ಕವಿತೆಯನ್ನೇ ತಂದಿತು. ನಾಟಿಂಗ್‌ಹ್ಯಾಮ್‌ಗೆ 2015ರಲ್ಲಿ ಯುನೆಸ್ಕೋದ ಸಾಹಿತ್ಯ ನಗರ ಅನ್ನುವ ಗೌರವ ಸಿಕ್ಕಿತು. ನಮ್ಮ ಪಕ್ಕದ ರಾಜ್ಯದ ಕೋಯಿಕ್ಕೋಡ್‌ಗೆ 2023ರಲ್ಲಿ ಸಿಕ್ಕಿದ್ದೂ ಅದೇ. ಆ ಗೌರವದ ಒಂದು ಪಾಲು ಇಂಥ ಪ್ರಕಾಶಕರ ದುಡಿಮೆಯದು ಅಂತ ನಾನು ನಂಬಿದ್ದೇನೆ.

ಈ ಪುಸ್ತಕಗಳನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಒಂದು ಕವಿತೆಯ ಪುಸ್ತಿಕೆ. ಮೂವತ್ತು ಮೂವತ್ತೆರಡು ಪುಟ, ಮಧ್ಯದಲ್ಲಿ ಎರಡು ಸ್ಟೇಪಲ್ ಪಿನ್. ಅದಕ್ಕೆ ಬೆನ್ನೇ ಇಲ್ಲ. ಬೆನ್ನಿಲ್ಲದ್ದರಿಂದ ಹೆಸರು ಬರೆಯಲು ಜಾಗ ಇಲ್ಲ. ಎರಡು ದಪ್ಪ ಕಾದಂಬರಿಗಳ ನಡುವೆ ಇಟ್ಟರೆ ಕಾಣುವುದೇ ಇಲ್ಲ. ಇನ್ನೊಂದು ಯಾವುದೋ ಬೀದಿಯ ಇತಿಹಾಸ. ಬರೆದವರು ರಿಟೈರ್ ಆದ ಮೇಷ್ಟ್ರೋ ಹೊಲಿಗೆ ಫ್ಯಾಕ್ಟರಿಯಲ್ಲಿದ್ದ ಹೆಂಗಸೋ ಆಗಿರುತ್ತಾರೆ. ಒಳಗೆ ಮನೆಯ ಆಲ್ಬಮ್ಮಿನಿಂದ ತಂದ ಫೋಟೋಗಳು. ಕೆಳಗೆ ಹೆಸರುಗಳು. ಎಡದಿಂದ ಮೂರನೆಯವರು ಯಾರೆಂದು ಗೊತ್ತಾಗಿಲ್ಲ ಅಂತ ಒಂದು ಸಾಲು. ಅಂಥ ಸಾಲು ಓದಿದ ಯಾರೋ ಒಬ್ಬರು, ಅದು ನಮ್ಮ ದೊಡ್ಡಪ್ಪ ಅಂತ ಹೇಳಿಕೊಂಡು ಬರುತ್ತಾರೆ. ಎರಡನೇ ಮುದ್ರಣದಲ್ಲಿ ಆ ಹೆಸರು ಸೇರುತ್ತದೆ. ಪುಸ್ತಕ ಆ ಬೀದಿಯವರ ಕಣ್ಣಿಗೆ ಬಿದ್ದರೆ ಮಾತ್ರ ಇದೆಲ್ಲ ಆಗುವುದು.

ಇದನ್ನು ಲಂಡನ್ನಿನ ದೊಡ್ಡ ಪ್ರಕಾಶಕರು ಮಾಡುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ, ಅವರ ಲೆಕ್ಕವೇ ಬೇರೆ. 1984–85ರ ಗಣಿ ಮುಷ್ಕರ ಅವರಿಗೆ ದೇಶದ ಇತಿಹಾಸದ ಒಂದು ಅಧ್ಯಾಯ. ನಾಟಿಂಗ್‌ಹ್ಯಾಮ್‌ಶೈರ್‌ಗೆ ಅದು ಮನೆಯೊಳಗಿನ ಗಾಯ. ಇಲ್ಲಿ ಹೆಚ್ಚಿನ ಗಣಿ ಕೆಲಸಗಾರರು ಮುಷ್ಕರ ಸೇರಲಿಲ್ಲ, ಸೇರಿದವರು ಕಡಿಮೆ. ಅಣ್ಣ ಕೆಲಸಕ್ಕೆ ಹೋದ, ತಮ್ಮ ಹೋಗಲಿಲ್ಲ. ಮಾತು ನಿಂತುಹೋದ ಮನೆಗಳಿವೆ. ಕೌಂಟಿಯ ಕೊನೆಯ ಕಲ್ಲಿದ್ದಲ ಗಣಿ, ಥೋರ್ಸ್‌ಬಿ, 2015ರಲ್ಲಿ ಮುಚ್ಚಿತು. ಮುಷ್ಕರಕ್ಕೆ ಮೂವತ್ತು ವರ್ಷವಾದಾಗ, ಅದನ್ನು ನಮ್ಮ ಕೌಂಟಿಯ ಕಡೆಯಿಂದ ಹೇಳುವ ಇಡೀ ಪುಸ್ತಕ ತಂದವರು ಫೈವ್ ಲೀವ್ಸ್‌ನವರೇ. ನಗರದ ಸೇಂಟ್ ಆ್ಯನ್ಸ್ ಬಡಾವಣೆಯ ಹಳೇ ಬೀದಿಗಳನ್ನು 1960ರ ದಶಕದ ಕೊನೆಯಿಂದ ಕೆಡವುತ್ತಾ ಬಂದರು. ಆ ಬೀದಿಗಳು ಇವತ್ತು ನಕ್ಷೆಯಲ್ಲಿಲ್ಲ. ಜನರ ನೆನಪಿನಲ್ಲಿವೆ, ಇಂಥ ಪುಸ್ತಕಗಳಲ್ಲಿವೆ. ನೆನಪಿಟ್ಟುಕೊಂಡ ಜನಕ್ಕೆ ವಯಸ್ಸಾಗುತ್ತಿದೆ.

ನನ್ನಂಥ ಹೊರಗಿನಿಂದ ಬಂದವರಿಗೆ ಈ ಪುಸ್ತಕಗಳು ಇನ್ನೂ ಜಾಸ್ತಿ ಬೇಕು. ಊರಲ್ಲಿ ನಮ್ಮ ತಾತನ ಹತ್ತಿರ ರ‍್ಯಾಲಿ ಸೈಕಲ್ ಇತ್ತು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಆ ಹೆಸರು ಗೊತ್ತು. ಆ ಹೆಸರಿನ ಕಂಪನಿ ಹುಟ್ಟಿದ್ದು ಈ ಊರಲ್ಲಿ, ಇಲ್ಲಿನ ಫ್ಯಾಕ್ಟರಿ ಮುಚ್ಚಿದ್ದು 2002ರಲ್ಲಿ, ಆ ಜಾಗದಲ್ಲಿ ಈಗ ವಿಶ್ವವಿದ್ಯಾಲಯದ ಕಟ್ಟಡಗಳಿವೆ. ಇದೆಲ್ಲ ನನಗೆ ಗೊತ್ತಾಗಿದ್ದು ಇಲ್ಲಿನವರೇ ಬರೆದ ಪುಸ್ತಕಗಳಿಂದ. ಬರೀ ಮನೆ, ಕೆಲಸ, ಬಸ್ ಸ್ಟಾಪ್ ಅಂತ ಇದ್ದ ಊರು ನನಗೆ ನಮ್ಮೂರು ಅನ್ನಿಸಲು ಶುರುವಾಗಿದ್ದು ಆಮೇಲೆ.

ಇನ್ನು ದುಡ್ಡಿನ ಮಾತು. ಕೌನ್ಸಿಲ್‌ಗಳು ಸಾಮಾನ್ಯವಾಗಿ ಒಬ್ಬ ದೊಡ್ಡ ಸರಬರಾಜುದಾರರ ಜೊತೆ ಕರಾರು ಮಾಡಿಕೊಂಡು ಪುಸ್ತಕ ಕೊಳ್ಳುತ್ತವೆ. ದೊಡ್ಡ ಡಿಸ್ಕೌಂಟ್ ಸಿಗುತ್ತದೆ, ಕೆಲಸವೂ ಹಗುರ. ಆದರೆ ಆ ಡಿಸ್ಕೌಂಟಿನ ಭಾರ ಬೀಳುವುದು ಪ್ರಕಾಶಕರ ಮೇಲೆ. ಐದು ಸಾವಿರ ಪ್ರತಿ ಮಾಡಿಸುವವರು ಅದನ್ನು ತಾಳಿಕೊಳ್ಳಬಹುದು. ಮುನ್ನೂರು ಪ್ರತಿ ಮಾಡಿಸುವವರು ಅರ್ಧ ಬೆಲೆ ಬಿಟ್ಟುಕೊಟ್ಟರೆ ಪೇಪರ್ ಮತ್ತು ಪ್ರಿಂಟಿಂಗ್ ಖರ್ಚೇ ಹುಟ್ಟುವುದಿಲ್ಲ. ಎಷ್ಟೋ ಸಣ್ಣ ಪುಸ್ತಕಗಳು ಆ ಸರಬರಾಜುದಾರರ ಪಟ್ಟಿಗೇ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಲೈಬ್ರರಿಗೂ ಬರುವುದಿಲ್ಲ. ಎಲ್ಲವನ್ನೂ ಒಬ್ಬರ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ 2020ರ ಜೂನ್‌ನಲ್ಲಿ ನೋಡಿದ್ದೇವೆ. ನಾರಿಚ್‌ನ ಬರ್ಟ್ರಮ್ಸ್ ಅನ್ನುವ ದೊಡ್ಡ ಸಗಟು ಸಂಸ್ಥೆ ಮುಳುಗಿತು. ಅದರಿಂದ ದುಡ್ಡು ಬರಬೇಕಾಗಿದ್ದ ಸಣ್ಣವರೂ ಅದರ ಜೊತೆ ಪೆಟ್ಟು ತಿಂದರು.

ಬ್ರಿಟಿಷ್ ಲೈಬ್ರರಿಗೆ ಒಂದು ಪ್ರತಿ ಹೋಗುತ್ತದಲ್ಲ, ಸಾಲದೇ ಅಂತ ಯಾರಾದರೂ ಅಧಿಕಾರಿ ಕೇಳಬಹುದು. ಹೋಗುತ್ತದೆ, ಹೋಗಲೇಬೇಕು, ಕಾನೂನು ಇದೆ. ಪುಸ್ತಕ ಅಲ್ಲಿ ಭದ್ರವಾಗಿ ಉಳಿಯುತ್ತದೆ. ಆದರೆ ಅದನ್ನು ಮನೆಗೆ ತರುವ ಹಾಗಿಲ್ಲ. ಹೆಸರು ಗೊತ್ತಿದ್ದು ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಶನಿವಾರ ಮಗುವಿನ ಜೊತೆ ಬ್ರಾಂಚ್ ಲೈಬ್ರರಿಗೆ ಬಂದ ತಾಯಿಗೆ ಅಚಾನಕ್ಕಾಗಿ ತನ್ನ ಬೀದಿಯ ಪುಸ್ತಕ ಅಲ್ಲಿ ಸಿಗುವುದಿಲ್ಲ. 1964ರ ಲೈಬ್ರರಿ ಕಾಯ್ದೆ ನಿಮ್ಮ ಮೇಲೆ ಹೊರಿಸಿರುವುದು ಸಮಗ್ರವಾದ ಸಮರ್ಥ ಸೇವೆಯ ಹೊಣೆ. ಊರಿನದೇ ಬರಹ ಇಲ್ಲದ ಸೇವೆಯನ್ನು ಸಮಗ್ರ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕರ್ನಾಟಕದಲ್ಲಿ ಸರ್ಕಾರದ ಗ್ರಂಥಾಲಯ ಇಲಾಖೆ ಕನ್ನಡ ಪುಸ್ತಕಗಳನ್ನು ಸಗಟು ಖರೀದಿ ಮಾಡುತ್ತದೆ. ಎಷ್ಟೋ ಸಣ್ಣ ಪ್ರಕಾಶಕರು ಉಸಿರಾಡುತ್ತಿರುವುದು ಅದರಿಂದ. ಅದರ ತೊಂದರೆಗಳೂ ನಮಗೆ ಗೊತ್ತು. ಬಿಲ್ಲಿನ ಹಣ ಬರುವುದು ತಡ, ಆಯ್ಕೆಯ ಬಗ್ಗೆ ತಕರಾರು ಇದ್ದೇ ಇರುತ್ತದೆ. ಹಾಗಾಗಿ ಅದನ್ನು ಇಲ್ಲಿಗೂ ತನ್ನಿ ಅನ್ನುತ್ತಿಲ್ಲ. ಸರ್ಕಾರ ಕೊಳ್ಳುತ್ತದೆ ಅನ್ನುವ ಭರವಸೆ ಇದ್ದಾಗ ಪ್ರಕಾಶಕರು ಧೈರ್ಯವಾಗಿ ಹೊಸ ಕವಿಯ ಪುಸ್ತಕಕ್ಕೆ ಕೈ ಹಾಕುತ್ತಾರೆ. ಅದನ್ನು ನಾನು ಹತ್ತಿರದಿಂದ ಬಲ್ಲೆ.

ನನ್ನ ಲೆಕ್ಕ ತುಂಬಾ ಸಣ್ಣದು. ವರ್ಷಕ್ಕೆ ಇಪ್ಪತ್ತು ಪುಸ್ತಕ ಅಂತ ಇಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಹತ್ತು ಹನ್ನೆರಡು ಪೌಂಡ್. ಒಂದೊಂದರದೂ ಐದು ಪ್ರತಿ ಕೊಂಡರೆ ಸಾವಿರದ ಇನ್ನೂರು ಪೌಂಡ್ ಒಳಗೇ ಮುಗಿಯುತ್ತದೆ. ಒಂದು ಪ್ರತಿ ಸೆಂಟ್ರಲ್ ಲೈಬ್ರರಿಯಲ್ಲಿ ಖಾಯಂ ಉಳಿಯಲಿ. ಯಾರೂ ಒಯ್ಯುತ್ತಿಲ್ಲ ಅಂತ ಅದನ್ನು ತೆಗೆದುಹಾಕಬೇಡಿ. ಉಳಿದ ನಾಲ್ಕು ಬ್ರಾಂಚುಗಳಲ್ಲಿ ಓಡಾಡಲಿ. ಸೇಂಟ್ ಆ್ಯನ್ಸ್ ಬಗ್ಗೆ ಇರುವ ಪುಸ್ತಕ ಮೊದಲು ಸೇಂಟ್ ಆ್ಯನ್ಸ್‌ಗೇ ಹೋಗಲಿ. ಬೆನ್ನಿಲ್ಲದ ಪುಸ್ತಿಕೆಗಳನ್ನು ಸಾಲಿನಲ್ಲಿ ತುರುಕದೆ, ಬಾಗಿಲ ಹತ್ತಿರ ಮುಖಪುಟ ಕಾಣುವ ಹಾಗೆ ಇಡಿ. ಬಿಲ್ಲು ಬಂದ ಮೂವತ್ತು ದಿನದೊಳಗೆ ಹಣ ಕೊಡಿ. ಸಣ್ಣವರಿಗೆ ತಡವಾಗಿ ಬರುವ ದುಡ್ಡು ಮುಂದಿನ ಪುಸ್ತಕವನ್ನೇ ನಿಲ್ಲಿಸಿಬಿಡುತ್ತದೆ.

ಯಾವ ಪುಸ್ತಕ ಕೊಳ್ಳಬೇಕು ಅಂತ ತೀರ್ಮಾನಿಸಲು ದೊಡ್ಡ ಸಮಿತಿ ಬೇಡ. ನಿಮ್ಮ ಲೈಬ್ರೇರಿಯನ್‌ಗಳಿಗೆ ಊರು ಗೊತ್ತು, ಓದುಗರೂ ಗೊತ್ತು. ಸುಮ್ನೆ ಅವರ ಕೈಗೆ ಆ ಹಣ ಕೊಟ್ಟು ನಂಬಿ. ಪ್ರಕಾಶಕರ ಜೊತೆ ವರ್ಷಕ್ಕೊಮ್ಮೆ ಕೂತು ಮಾತಾಡಿದರೆ ಸಾಕು. ಪುಸ್ತಕ ಬಿಡುಗಡೆಗೆ ಬ್ರಾಂಚ್ ಲೈಬ್ರರಿಯ ಹಾಲನ್ನು ಒಂದು ಸಂಜೆ ಬಾಡಿಗೆ ಇಲ್ಲದೆ ಕೊಟ್ಟರೆ ಇನ್ನೂ ಒಳ್ಳೆಯದು. ಕುರ್ಚಿ ಹಾಕಲು, ಟೀ ಮಾಡಲು ನಾನು ಬರುತ್ತೇನೆ. ನನ್ನ ಜೊತೆ ಬರುವವರೂ ಇದ್ದಾರೆ.

ಮುಂದಿನ ಬಜೆಟ್ಟಿನ ಚರ್ಚೆ ಶುರುವಾಗುವ ಮೊದಲು ಆಗುತ್ತದೆ ಅಂತಲೋ ಆಗುವುದಿಲ್ಲ ಅಂತಲೋ ಉತ್ತರ ಕೊಡಿ. ಆಗುವುದಿಲ್ಲ ಅನ್ನುವುದಾದರೆ ಕಾರಣವನ್ನೂ ಬರೆಯಿರಿ. ನೀವು ಮತದಾರರನ್ನು ಭೇಟಿ ಮಾಡುವ ಸರ್ಜರಿಗೆ ಬಂದು ಎದುರಿಗೆ ಕೂತು ಮಾತಾಡಲು ನಾನು ಸಿದ್ಧ.

ಇಂತಿ,
ಸ್ನೆಂಟನ್‌ನ ಒಬ್ಬ ಓದುಗಳು